ಕಡವೆ ಕೊಂಬಿನ ಆಸೆ, ಎಮ್ಮೆ ಕೋಡಿನ ಹಿಡಿ

ಭಾನುವಾರ, 12 ಜನವರಿ 2025
ಬೈಲಹೊಂಗಲ

ಕಬ್ಬಿನ ಹಂಗಾಮಿನಲ್ಲಿ ಕಮ್ಮಾರರಿಗೆ ಹವ್ಯಾಸದ ಕೆಲಸ ಹೇಳುವುದು ತಕ್ಕದ್ದಲ್ಲ. ಕಾಕಾ ಅವರ ಕುಲುಮೆಯ ಮುಂದೆ ಕಬ್ಬು ಕಡಿಯುವ ಗ್ಯಾಂಗಿನವರ ಕೊಯ್ತಾಗಳು ರಾಶಿ ಬಿದ್ದಿವೆ. ಒಂದನ್ನು ತಟ್ಟಿ ಮುಗಿಸುವಷ್ಟರಲ್ಲಿ ಮತ್ತೆರಡು ಬಂದು ಸೇರುತ್ತವೆ. ಆದರೂ ಇವತ್ತು ಊಟವಾದ ಮೇಲೆ "ತಮ್ಮಾ, ನಿನ್ನ ಚೂರಿ ತೆಗೆದುಕೊಂಡು ಬಾ" ಎಂದು ಕರೆದರು. ಅಲಗು ಹೋದ ವಾರವೇ ಆಗಿತ್ತು. ಉಳಿದದ್ದು ಹಿಡಿ.

ಅಲಗು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯದು. ಅದರಲ್ಲಿ ಇಂಗಾಲ ಸುಮಾರು ಶೇ 0.6ರಷ್ಟು ಇರುವುದರಿಂದ ಚೆನ್ನಾಗಿ ಹದ ಹಿಡಿಯುತ್ತದೆ. ನಾಲ್ಕು ಅಂಗುಲ ಉದ್ದ, ಬೆನ್ನಿನ ಕಡೆ 3 ಮಿಲಿಮೀಟರ್ ದಪ್ಪ, ಹಿಡಿಯೊಳಗೆ ಹೋಗಲು ಹಿಂದೆ ಸಪೂರವಾದ ಬಾಲ. ಕೆಂಪಗೆ ಕಾಯಿಸಿ, ಅಯಸ್ಕಾಂತಕ್ಕೆ ಅಂಟದ ಹಂತ (ಸುಮಾರು 770 ಡಿಗ್ರಿ) ದಾಟಿ ಬಣ್ಣ ಇನ್ನೊಂದಿಷ್ಟು ಏರಿದ ಮೇಲೆ ಬೆಚ್ಚಗಿನ ಕುಸುಬಿ ಎಣ್ಣೆಯಲ್ಲಿ ಅದ್ದಿದ್ದೆವು. ಬಾಲವನ್ನು ಅದ್ದಲಿಲ್ಲ. ಅದು ಮೆತ್ತಗೇ ಇರಬೇಕು, ಇಲ್ಲವಾದರೆ ಹಿಡಿಯ ಬುಡದಲ್ಲಿ ಪಟ್ಟನೆ ಮುರಿಯುತ್ತದೆ. ಆಮೇಲೆ ಅಲಗಿನ ಪೆಡಸು ಇಳಿಸಲು ಮನೆಯ ಓವನ್‌ನಲ್ಲಿ 200 ಡಿಗ್ರಿಗೆ ಎರಡು ತಾಸು ಇಟ್ಟೆ. ಓವನ್ ಎಂದರೆ ಕಾಕಾಗೆ ನಗು. ಅವರದು ಕಣ್ಣಿನ ಲೆಕ್ಕ: ಕಾದ ಕಬ್ಬಿಣದ ಮೇಲೆ ಅಲಗಿನ ಬೆನ್ನನ್ನಿಟ್ಟು, ಉಜ್ಜಿ ಬೆಳ್ಳಗೆ ಮಾಡಿದ ಮೈಗೆ ಒಣ ಕಣಿಕೆಯ ಹಳದಿ ಏರುತ್ತಿದ್ದಂತೆ ನೀರಿಗೆ ಹಾಕುತ್ತಾರೆ. ನೀಲಿಗೆ ತಿರುಗಿತೋ, ಬಾಯಿ ಮೆತ್ತಗಾಯಿತು.

ಹಿಡಿಗೆ ಮೊದಲು ನನ್ನ ಕಣ್ಣಿದ್ದದ್ದು ಕಡವೆಯ ಕೊಂಬಿನ ಮೇಲೆ. ಇಂಗ್ಲೆಂಡಿನ ಶೆಫೀಲ್ಡ್‌ನ ಚೂರಿಗಾರರು ತಲೆಮಾರುಗಳ ಕಾಲ ಭಾರತದಿಂದ ಕಡವೆ ಕೊಂಬು ತರಿಸಿಕೊಂಡು ಹಿಡಿ ಮಾಡುತ್ತಿದ್ದರು. ಸುಮ್ಮನೆ ಅಲ್ಲ. ಈ ಕೊಂಬು ನಿಜವಾಗಿ ಎಲುಬು. ಗಂಡಿಗೆ ಮಾತ್ರ ಮೂಡುತ್ತದೆ, ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಹೊರಗೆ ಗಟ್ಟಿ ಪದರ, ಒಳಗೆ ಸಣ್ಣ ಸಣ್ಣ ತೂತುಗಳ ತಿರುಳು. ಕಡವೆಯಲ್ಲಿ ಗಟ್ಟಿ ಪದರ ದಪ್ಪ, ತಿರುಳು ಕಡಿಮೆ. ಮೇಲ್ಮೈ ತರಿತರಿಯಾಗಿರುವುದರಿಂದ ಒದ್ದೆ ಕೈಯಲ್ಲೂ ಜಾರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕಡವೆ ಇಲ್ಲವೆಂದಲ್ಲ, ಖಾನಾಪುರ ತಾಲೂಕಿನ ಭೀಮಗಡ ಅಭಯಾರಣ್ಯದಲ್ಲಿವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡಿನಲ್ಲಿ ತಾನಾಗಿ ಉದುರಿದ ಕೊಂಬೂ ಸರಕಾರದ ಸೊತ್ತು. ಎತ್ತಿಕೊಂಡು ಬರುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕ ಹಾಕಿಕೊಂಡವರ ಮೇಲೆ ಕೇಸು ಬಿದ್ದು ಗದ್ದಲವೆದ್ದಾಗ ನಮ್ಮ ಓಣಿಯಲ್ಲೂ ಕೊರಳು ಮುಟ್ಟಿ ನೋಡಿಕೊಂಡವರಿದ್ದರು. ಉದುರಿದ ಕೊಂಬಿಗೇನು ಕಾಯ್ದೆ ಎಂದು ಗೊಣಗುವವರೊಂದಿಗೆ ನಾನು ಸೇರುವುದಿಲ್ಲ. ಅದಕ್ಕೆ ಪೇಟೆಯಲ್ಲಿ ಬೆಲೆ ಬಂತೆಂದರೆ, ಉದುರಿದ್ದು ಯಾವುದು, ಕೊಂದು ಕೊಯ್ದದ್ದು ಯಾವುದು ಎಂದು ವಿಚಾರಿಸುವವರು ಯಾರು?

ಅಲ್ಲದೆ ಪಂಢರಪುರಿ ಎಮ್ಮೆ ಇರುವ ಸೀಮೆಯಲ್ಲಿ ಹಿಡಿಗೆ ಬರಗಾಲವೇ? ಭುಜ ದಾಟಿ ಹಿಂದಕ್ಕೆ ಚಾಚುವ ಆ ಕೋಡಿನ ಉದ್ದ ನೋಡಿದವರಿಗೇ ಗೊತ್ತು. ಮುಪ್ಪಾಗಿ ಸತ್ತ ನಮ್ಮ ಎಮ್ಮೆಯ ಕೋಡುಗಳನ್ನು ಅಪ್ಪ ತಿಪ್ಪೆಯಲ್ಲಿ ಹೂತಿಟ್ಟಿದ್ದರು. ಹಾಗೆ ಮಾಡಿದರೆ ಒಳಗಿನ ಎಲುಬು ಸಡಿಲಾಗಿ ಕಳಚಿ ಬರುತ್ತದೆ. ಬುಡವೆಲ್ಲ ಪೊಳ್ಳು, ತುದಿ ಮಾತ್ರ ಗಟ್ಟಿ. ಆ ಗಟ್ಟಿ ತುದಿಯೇ ನನ್ನ ಹಿಡಿ.

ಕೋಡಿನ ನಟ್ಟನಡುವೆ ಡ್ರಿಲ್‌ನಿಂದ ಸಣ್ಣ ತೂತು ಕೊರೆದೆ. ತೂತು ದುಂಡು, ಬಾಲ ಚಪ್ಪಟೆ. ಕಾಕಾ ಅಲಗಿಗೆ ಒದ್ದೆ ಗೋಣಿತಟ್ಟು ಸುತ್ತಿದರು. ಹಾಗೆ ಮಾಡದಿದ್ದರೆ ಅಲಗಿಗೂ ಕಾವು ಹರಿದು ಹದವೆಲ್ಲ ಮಣ್ಣುಪಾಲು. ಬಾಲವನ್ನಷ್ಟೇ ಕಾಯಿಸಿ ತೂತಿನೊಳಗೆ ಒತ್ತಿದರು. ಚುರ್ ಎಂದಿತು, ಹೊಗೆ ಎದ್ದಿತು, ಅಷ್ಟರಲ್ಲಿ ಹೊರಗೆಳೆದಾಗಿತ್ತು. ಕೊಂಚ ಹೆಚ್ಚು ಹೊತ್ತು ಬಿಟ್ಟರೂ ಒಳಮೈ ಕರಕಲಾಗಿ ಹಿಡಿತ ಹೋಗುತ್ತದೆ. ಮತ್ತೆ ಕಾಯಿಸಿ, ಮತ್ತೆ ಒತ್ತಿ, ತೂತು ಬಾಲದ ಆಕಾರಕ್ಕೆ ಬಂತು. ಕೋಡು ಎಂದರೆ ಕೆರಟಿನ್, ನಮ್ಮ ಕೂದಲು ಉಗುರುಗಳದ್ದೇ ವಸ್ತು. ಹಾಗಾಗಿ ವಾಸನೆಯೂ ಅದೇ. ಎದುರು ಮನೆಯ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, "ಯಾರ ತಲೆ ಸುಟ್ಟಿರಿ?" ಎಂದು ಕೇಳಿ ಹೋದರು.

ಕೋಡು ಸೀಳದಂತೆ ಬಾಯಿಗೆ ಹಿತ್ತಾಳೆ ಬಳೆ ಕೂರಿಸಿದೆವು. ಅಂಟಿಸಲು ನಾನು ಅರಾಲ್ಡೈಟ್ ಒಯ್ದಿದ್ದೆ. ಕಾಕಾ ಆ ಟ್ಯೂಬನ್ನು ಕಿಟಕಿಯಲ್ಲಿಟ್ಟು ಅರಗಿನ ಡಬ್ಬಿ ತೆಗೆದರು. ಅರಗಿನ ಪುಡಿಗೆ ಜರಡಿ ಹಿಡಿದ ಇಟ್ಟಿಗೆ ಪುಡಿ ಬೆರೆಸಿ, ತೂತಿಗೆ ತುಂಬಿ, ಬಿಸಿ ಬಾಲವನ್ನು ನಿಧಾನವಾಗಿ ಇಳಿಸಿದರು. ಕರಗಿದ ಅರಗು ಬಳೆಯ ಅಂಚಿನಲ್ಲಿ ಕೆಂಗಂದು ಬಣ್ಣದಲ್ಲಿ ಉಕ್ಕಿ ಬಂತು. ಅದು ಬಿಗಿಯುವ ತನಕ ಒಂದು ಕಣ್ಣು ಮುಚ್ಚಿ ಅಲಗಿನ ನೇರ ನೋಡುತ್ತ, ಹೆಬ್ಬೆರಳಿನಿಂದ ತಿದ್ದುತ್ತ ಕೂತರು.

"ಅಲಗು ಸವೆದ ಮೇಲೆ ಬಿಸಿ ಮಾಡಿದರೆ ಕಳಚಿ ಬರುತ್ತದೆ, ಹಿಡಿ ಇನ್ನೊಂದಕ್ಕೆ ಆಗುತ್ತದೆ. ನಿನ್ನ ಟ್ಯೂಬಿನ ಅಂಟು ಕೀಳಹೋದರೆ ಕೋಡೇ ಒಡೆಯುತ್ತದೆ" ಎಂದರು.

ಅವರ ಮಾತು ನಿಜ, ಆದರೆ ಅರಗಿನ ಹಿಡಿಯನ್ನು ಕುದಿನೀರಿನಲ್ಲಿ ಅದ್ದುವಂತಿಲ್ಲ. ಅಡುಗೆಮನೆಯ ಚೂರಿಯಾಗಿದ್ದರೆ ನಾನು ಟ್ಯೂಬಿಗೇ ಹಟ ಹಿಡಿಯುತ್ತಿದ್ದೆ. ಇದು ಹೊಲಕ್ಕೆ ಹೋಗುವ ಚೂರಿ: ಹಗ್ಗ ಕೊಯ್ಯಬೇಕು, ಕಬ್ಬು ಸುಲಿಯಬೇಕು. ಅರಗೇ ಇರಲಿ ಎಂದು ಸುಮ್ಮನಾದೆ.

ಅರ ಹಾಕಿ ಆಕಾರ ಕೊಟ್ಟು, 220, 400, 800 ನಂಬರಿನ ಎಮರಿ ಕಾಗದದಲ್ಲಿ ಉಜ್ಜುವ ಕೆಲಸ ನನಗೆ ಬಂತು. ಕೋಡಿನ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲವೆಂದು ನಾನು ಮಾಸ್ಕ್ ಹಾಕಿಕೊಂಡೆ, ಕಾಕಾ ದೂರ ಹೋಗಿ ಎಲೆ ಅಡಿಕೆ ಹಾಕಿಕೊಂಡರು. ಎಣ್ಣೆ ಸವರಿದಾಗ ಬರೀ ಕಪ್ಪೆಂದುಕೊಂಡಿದ್ದ ಕೋಡಿನಲ್ಲಿ ಬೂದಿ ಬಣ್ಣದ ಗೆರೆಗಳು ಎದ್ದವು. ನೋಡಲು ಚೆಂದ, ಒದ್ದೆ ಕೈಗೆ ಜಾರು. ಕಡವೆ ಕೊಂಬಿನ ತರಿಯನ್ನು ಇದಕ್ಕೆ ನಾವೇ ಕೊಡಬೇಕು: ಮುಕ್ಕೋನ ಅರದಿಂದ ಬೆರಳು ಕೂರುವ ಕಡೆ ಓರೆ ಗೆರೆಗಳನ್ನು ಕೊರೆದೆ.

ಒರೆ ಬಾಕಿಯಿದೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಬಳಿ ದಪ್ಪ ಚರ್ಮ ಸಿಗುತ್ತದೆ. (ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಇದೆ, ಹೆಸರು ಮಾತ್ರ ಆ ಕಡೆಯದು.) ಕೂಲಿ ಎಷ್ಟಾಯಿತೆಂದು ಕೇಳಿದರೆ ಕಾಕಾ ದುಡ್ಡು ಬೇಡವೆಂದರು. ಎಮ್ಮೆಗೆ ಎರಡು ಕೋಡಿರುತ್ತವಲ್ಲ, ಇನ್ನೊಂದನ್ನು ಹಂಗಾಮು ಮುಗಿದ ಮೇಲೆ ತಂದು ಕೊಡು ಎಂದರು.