ಎಲ್ಲಿ ಬೇಕೋ ಅಲ್ಲಿ ಎತ್ರಿ

ಬಾಗಲಕೋಟೆ ನವನಗರದ ಅಕ್ಕನ ಮನೆ. ಊಟ ಆದ ಮೇಲೆ ಅಳಿಯ ಇಸ್ಪೀಟಿನ ಕಟ್ಟು ತಂದಿಟ್ಟ.

"ಮಾಮಾ, ಎಲ್ಲಿ ಬೇಕೋ ಅಲ್ಲಿ ಎತ್ರಿ."

ಎತ್ತಿ ಪಕ್ಕಕ್ಕಿಟ್ಟೆ. ಉಳಿದ ಎಲೆಗಳನ್ನು ಅವನು ಅದರ ಮೇಲೆ ಅಡ್ಡ ಇಟ್ಟ. ಆಮೇಲೆ ಕಟ್ಟನ್ನು ಮುಟ್ಟಲೇ ಇಲ್ಲ.

"ವಿಜಾಪುರದಾಗ ಬಿಸಲು ಹೆಂಗೈತ್ರಿ?" ಅಂದ. ನಾನು ಬಿಸಿಲು, ನೀರು, ಕರೆಂಟು ಎಲ್ಲ ಹೇಳಿದೆ.

"ಈಗ ನೀವು ಎತ್ತಿದ ಜಾಗ ನೋಡೋಣ್ರಿ." ಆಟಿನ್ ರಾಣಿ. ಚೀಟಿಯಲ್ಲಿ ಮೊದಲೇ ಬರೆದಿಟ್ಟಿದ್ದ!

ಗುಟ್ಟು ತುಂಬಾ ಸರಳ. ರಾಣಿ ಮೊದಲಿಂದಲೂ ಕಟ್ಟಿನ ಮೇಲೇ ಇದ್ದಳು. ನಾನು ಎತ್ತಿಟ್ಟ ಭಾಗದ ಮೇಲಿನ ಎಲೆ ಅದೇ ತಾನೆ? ಎಲ್ಲಿ ಎತ್ತಿದರೂ ಅದೇ.

ಕೂಡಲೇ ತೋರಿಸಿದ್ದರೆ ಹಿಡಿದುಬಿಡುತ್ತಿದ್ದೆ. ಆ ಬಿಸಿಲಿನ ಪ್ರಶ್ನೆಯೇ ನಿಜವಾದ ಕೈಚಳಕ. ಮಾತಾಡುವಷ್ಟರಲ್ಲಿ ಯಾವ ಭಾಗ ಮೇಲಿತ್ತು, ಯಾವುದು ಕೆಳಗಿತ್ತು ಅನ್ನೋದು ಮರೆತೇ ಹೋಗುತ್ತದೆ. ಹೀಗೆ ತಮಗೆ ಬೇಕಾದ ಎಲೆಯನ್ನೇ ನಮ್ಮ ಆಯ್ಕೆ ಅನ್ನಿಸುವಂತೆ ಮಾಡೋದಕ್ಕೆ ಜಾದೂಗಾರರು 'ಫೋರ್ಸ್', ಅಂದರೆ ಒತ್ತಾಯ, ಅಂತಾರೆ. ಆದರೆ ಒತ್ತಾಯ ಎಲ್ಲೂ ಕಾಣಿಸಲ್ಲ, ಅಲ್ವಾ?

ಸ್ವೀಡನ್ನಿನ ಸಂಶೋಧಕರು 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಎರಡು ಮುಖದ ಫೋಟೋ ತೋರಿಸಿ, ಇಷ್ಟವಾದದ್ದನ್ನು ಆರಿಸಿ ಅನ್ನುವುದು. ಕೈಚಳಕದಿಂದ ಇನ್ನೊಂದನ್ನು ಕೈಗಿಡುವುದು. ಜಾಸ್ತಿ ಜನಕ್ಕೆ ಗೊತ್ತೇ ಆಗಲಿಲ್ಲ. ತಾವು ಆರಿಸದ ಮುಖವನ್ನೇ ನೋಡುತ್ತಾ, ಇದನ್ನು ಯಾಕೆ ಆರಿಸಿದೆವು ಅಂತ ಕಾರಣ ಕೂಡ ಕೊಟ್ಟರು. ನನಗೆ ರಾಣಿಗಿಂತ ಈ ಕಾರಣಗಳೇ ದೊಡ್ಡ ಬೆರಗು.

ನಿಮ್ಮಲ್ಲಿ ಯಾರಿಗಾದರೂ ಇಂಥ ಆಟ ಬರುತ್ತಿದ್ದರೆ ಹೇಳಿ. ಹುಡುಗ ಕಲಿಯೋಕೆ ಕಾಯ್ತಾ ಇದ್ದಾನೆ.