ಗಾಣದ ಎಣ್ಣೆಯ ಪ್ರಾಯೋಜಿತ ಬರಹ: ಮೂರನೆಯ ಕರಡಿನ ತನಕ

ಮೊದಲ ಕರಡು

ಅಡುಗೆಯ ಬಗ್ಗೆ ಬರೆಯುವುದು ನನಗೆ ಹವ್ಯಾಸ. ಅದಕ್ಕೆ ಹಣ ಕೊಡುತ್ತೇವೆಂದು ಯಾರಾದರೂ ಮುಂದೆ ಬಂದದ್ದು ಇದೇ ಮೊದಲು. ಮರದ ಗಾಣದ ಕಡಲೆಕಾಯಿ ಎಣ್ಣೆ ಮಾರುವ ಸಣ್ಣ ಉದ್ಯಮದವರು. ಬರಹದಲ್ಲಿ ಇರಲೇಬೇಕಾದ ಮಾತುಗಳನ್ನೂ ಅವರೇ ಕಳಿಸಿದ್ದರು: ‘ಕೊಲೆಸ್ಟ್ರಾಲ್ ಇಲ್ಲ’, ‘ಹೃದಯಕ್ಕೆ ರಕ್ಷೆ’, ‘ಮಧುಮೇಹಕ್ಕೆ ರಾಮಬಾಣ’, ‘ಎಲ್ಲ ಅಡುಗೆಗೂ ಒಂದೇ ಎಣ್ಣೆ’.

ಮೊದಲನೆಯದು ಸುಳ್ಳಲ್ಲ, ಹೆಗ್ಗಳಿಕೆಯೂ ಅಲ್ಲ. ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಅಂಗಡಿಯ ಅಗ್ಗದ ಪ್ಯಾಕೆಟ್ಟಿಗೂ ಅದೇ ಮಾತು ಸಲ್ಲುತ್ತದೆ. ಹೃದಯ, ಮಧುಮೇಹಗಳ ಮಾತನ್ನು ನಾನೇ ಹೊಡೆದುಹಾಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಸರಕನ್ನು ಹೊಗಳಿ ಶಿಫಾರಸು ಮಾಡಿದವರನ್ನೂ ಅದು ಬಿಡುವುದಿಲ್ಲ. ಇದನ್ನು ತಿಳಿಸಿದ ಮೇಲೆ ಅವರು ಪಟ್ಟು ಸಡಿಲಿಸಿದರು.

ಎರಡನೆಯ ಕರಡು

‘ಎಲ್ಲ ಅಡುಗೆಗೂ’ ಎಂಬ ಮಾತನ್ನು ಒಲೆಯ ಮೇಲೇ ನೋಡಿಬಿಡೋಣ ಎಂದುಕೊಂಡೆ. ಚಿತ್ರಾನ್ನದ ಒಗ್ಗರಣೆಗೆ ಎರಡು ಮಾತಿಲ್ಲ, ಹುರಿದ ಕಡಲೆಯ ಘಮ ಪಡಸಾಲೆಯವರೆಗೂ ಬಂತು. ಚಟ್ನಿಪುಡಿಗೆ ಹಸಿಯಾಗಿ ಕಲೆಸಿಕೊಂಡರೆ ಇನ್ನೂ ರುಚಿ. ಕೋಡುಬಳೆ ಬಿಟ್ಟಾಗ ಮಾತ್ರ ನೊರೆ ಉಕ್ಕಿ ಬಾಣಲೆಯ ಅಂಚಿಗೆ ಬಂತು, ಹೊಗೆಯೂ ಬೇಗ ಎದ್ದಿತು. ಶುದ್ಧೀಕರಿಸದ ಎಣ್ಣೆಯ ಗುಣವೇ ಅದು. ‘ಬಾಣಲೆ ತುಂಬ ಎಣ್ಣೆ ಇಟ್ಟು ಕರಿಯುವವರಿಗೆ ಇದು ಒಗ್ಗದು’ ಎಂದು ಬರೆದೆ.

ಕೂಡಲೇ ಫೋನ್ ಬಂತು. ಕಾಸು ಕೊಟ್ಟು ಬೈಸಿಕೊಳ್ಳಬೇಕೇ ಎಂಬುದು ಅವರ ಪ್ರಶ್ನೆ, ನ್ಯಾಯವಾದದ್ದೇ. ವಾದಕ್ಕಿಳಿಯದೆ, ಕೊಂಡವರು ಯಾವುದರ ಬಗ್ಗೆ ಹೆಚ್ಚು ದೂರುತ್ತಾರೆ ಎಂದು ಕೇಳಿದೆ. ತಳದಲ್ಲಿ ಗಸಿ ಕಂಡು ‘ಎಣ್ಣೆ ಕೆಟ್ಟಿದೆ’ ಎಂದು ಬಾಟಲಿ ವಾಪಸು ಮಾಡುತ್ತಾರೆ, ಕರಿಯುವಾಗ ನೊರೆ ಬಂದರೆ ಕಲಬೆರಕೆ ಎನ್ನುತ್ತಾರೆ ಎಂದರು. ಹಾಗಾದರೆ ಅವರಿಗೆ ಬೇಕಾದದ್ದು ಹೊಗಳಿಕೆಯಲ್ಲ, ಗಸಿ ಏಕೆ ಬರುತ್ತದೆ ಎಂಬ ವಿವರಣೆ. ಗಾಣದ ಎಣ್ಣೆಯನ್ನು ತಿಳಿಗೊಳ್ಳಲು ಬಿಟ್ಟು ಸೋಸಿದರೂ ಕಡಲೆಯ ನಯವಾದ ಕಣಗಳು ಉಳಿದುಕೊಂಡು ನಿಧಾನವಾಗಿ ತಳ ಸೇರುತ್ತವೆ. ಈ ಭಾಗವನ್ನು ಬೆಳೆಸಿ, ಕೋಡುಬಳೆಯ ಸಾಲನ್ನು ಅದರ ಜೊತೆಗಿಟ್ಟೆ. ಅಲ್ಲಿಗೆ ಆ ಸಾಲು ಉಳಿಯಿತು. ಇದೆಲ್ಲ ತಿಳಿದೇ ಖರೀದಿಸಿದವರು ಬಾಟಲಿ ಹಿಂದಿರುಗಿಸುವುದು ಕಡಿಮೆ ಎಂಬುದು ವ್ಯಾಪಾರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮೂರನೆಯ ಕರಡು

ಉಳಿದದ್ದು ‘ಇದು ಹಣ ಪಡೆದು ಬರೆದದ್ದು’ ಎಂಬ ಹಣೆಪಟ್ಟಿಯ ಜಗಳ. ಅವರಿಗೆ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ‘ಸಹಯೋಗ’ ಎಂದಿದ್ದರೆ ಸಾಕಿತ್ತು. ಭಾರತೀಯ ಜಾಹೀರಾತು ಮಾನಕ ಮಂಡಳಿಯ 2021ರ ಮಾರ್ಗಸೂಚಿಯಂತೆ ಗುರುತು ಓದುಗರ ಕಣ್ಣಿಗೆ ಮೊದಲೇ ಬೀಳಬೇಕು. ‘ಸಹಯೋಗ’ಕ್ಕೂ ಅದು ಒಪ್ಪುತ್ತದೆ, ನನಗೆ ಒಪ್ಪಿಗೆಯಿಲ್ಲ. ಶೀರ್ಷಿಕೆಯ ಕೆಳಗೇ ‘ಜಾಹೀರಾತು’ ಎಂದು ಹಾಕಿದ್ದೇನೆ. ಅವರ ತಾಣದ ಕೊಂಡಿಗೂ ಗೂಗಲ್ 2019ರಲ್ಲಿ ತಂದ, ಕೊಂಡಿ ದುಡ್ಡಿನದೆಂದು ಅದಕ್ಕೆ ತಿಳಿಸುವ ‘ಸ್ಪಾನ್ಸರ್ಡ್’ ಗುರುತು ಸೇರಿಸಿದೆ. ಹುಡುಕಾಟದಲ್ಲಿ ಮೇಲೇರುವ ಆಸೆಗೆ ಅದರಿಂದ ತಣ್ಣೀರು ಬಿತ್ತು. ಸ್ವಲ್ಪ ಮುನಿಸಿಕೊಂಡರೂ ಒಪ್ಪಿದರು.

ಕರಡು ಅಂತಿಮವಾಗಿದೆ, ಹಣ ಬರಬೇಕಿದೆ. ಮುಂದಿನದು ಎಳ್ಳೆಣ್ಣೆಯಂತೆ. ಅದರ ಒಪ್ಪಂದದಲ್ಲಿ ‘ವಾಸ್ತವಾಂಶ ತಪ್ಪಿದ್ದರೆ ಮಾತ್ರ ತಿದ್ದುಪಡಿ ಸೂಚಿಸಬಹುದು, ಅಭಿಪ್ರಾಯ ಬರೆದವರದು’ ಎಂಬ ಸಾಲು ಸೇರಿಸಿ ಕಳಿಸಿದ್ದೇನೆ. ಉತ್ತರ ಬಂದ ಮೇಲೆ ಎಳ್ಳು ಹುರಿಯಲು ಶುರು.