ಗೂಗಲ್ ಕಡೆಯವರಂತೆ!
ಪುಣೆಯ ಹಿಂಜವಡಿ ಆಫೀಸಲ್ಲಿ ಇವತ್ತು ಸರ್ವರ್ ಲಾಗ್, ಅಂದರೆ ನಮ್ಮ ವೆಬ್‌ಸೈಟಿಗೆ ಯಾರ್ಯಾರು ಬಂದು ಹೋದರು ಅನ್ನೋ ಪಟ್ಟಿ, ನೋಡುತ್ತಿದ್ದೆ. ಒಂದು ಐಪಿ (ಇಂಟರ್ನೆಟ್ಟಿನಲ್ಲಿ ಕಂಪ್ಯೂಟರಿನ ವಿಳಾಸ) ಸಿಕ್ಕಾಪಟ್ಟೆ ಪುಟ ಎಳೆಯುತ್ತಿತ್ತು. ಆ ಐಪಿಯ ಹೆಸರೇನು ಅಂತ ರಿವರ್ಸ್ ಡಿಎನ್‌ಎಸ್ ಕೇಳಿದರೆ ಹೆಸರಿನ ಕೊನೆಗೆ ಠೀವಿಯಿಂದ ಗೂಗಲ್‌ಬಾಟ್ ಡಾಟ್ ಕಾಮ್, ಹುಡುಕಾಟಕ್ಕಾಗಿ ಪುಟ ಓದುತ್ತಾ ತಿರುಗುವ ಗೂಗಲ್ ಬಾಟ್‌ನ ಹೆಸರು!

ಪಕ್ಕದ ಸೀಟಿನ ಧಾರವಾಡದ ಹುಡುಗ, "ಗೂಗಲ್ ಐತ್ರೀ ಸರ, ಬಿಡ್ರಿ" ಅಂದ.

ಬಿಡೋದು ಹೇಗೆ? ಐಪಿಗೆ ಹೀಗೆ ಹೆಸರು ಕೊಡುವ ಪಿಟಿಆರ್ ದಾಖಲೆ ಬರೆಯೋದು ಐಪಿ ಯಾರ ಕೈಯಲ್ಲಿದೆಯೋ ಅವರೇ, ಇಷ್ಟ ಬಂದ ಹೆಸರು ಹಾಕಿಕೊಳ್ಳಬಹುದು, ಮದುವೆ ಮನೆಯಲ್ಲಿ ಗಂಡಿನ ಕಡೆಯವನು ಅಂತ ಸುಮ್ನೆ ಊಟಕ್ಕೆ ಕೂತ ಹಾಗೆ. ಆದರೆ ಆ ಹೆಸರಿಗೆ ಯಾವ ಐಪಿ ಅಂತ ಹೇಳೋದು ಗೂಗಲ್ ಕೈಯಲ್ಲಿದೆ. ತಿರುಗಿಸಿ ಕೇಳಿದೆ. ಅಂಥ ಹೆಸರೇ ಇಲ್ಲವಂತೆ!

ಎರಡೂ ಕಡೆಯಿಂದ ನೋಡಿ ಅಂತ ಗೂಗಲ್ಲೇ ಹೇಳುತ್ತೆ. ತಿರುಗಿಸಿ ಕೇಳದೆ ಬರೀ ಪಿಟಿಆರ್ ಹೆಸರು ತೋರಿಸುವ ಲಾಗ್ ಟೂಲ್‌ಗಳದ್ದೇ ಜಾಸ್ತಿ ಕಾಟ, ಅಲ್ವಾ?